ಎಂಬತ್ತಾರು ವರ್ಷದ ಹೊಸ ಮತದಾರಳು

ಬೆಟಗೇರಿಯ ನೇಕಾರರ ಓಣಿಯ ಅಂಗನವಾಡಿ ಟೀಚರ್ ರೋಹಿಣಿಗೆ ಮತದಾರರ ಪಟ್ಟಿಯ ಕೆಲಸ ಗಂಟುಬಿದ್ದು ಹನ್ನೆರಡು ವರ್ಷವಾಗಿತ್ತು. ಬೆಳಿಗ್ಗೆ ಮಕ್ಕಳಿಗೆ ಹಾಡು ಹೇಳಿಕೊಟ್ಟು, ಮಧ್ಯಾಹ್ನದ ಮೇಲೆ ಅದೇ ಚೀಲದಲ್ಲಿ ಫಾರಂ ತುಂಬಿಕೊಂಡು ಮನೆಮನೆ ತಿರುಗುವಳು. ಯಾರ ಮನೆಗೆ ಸೊಸೆ ಬಂದಳು, ಯಾರ ಮಗಳು ಮುಂಡರಗಿಗೆ ಮದುವೆಯಾಗಿ ಹೋದಳು, ಯಾರಿಗೆ ಹದಿನೆಂಟು ತುಂಬಿತು, ಎಲ್ಲ ಬಾಯಿಪಾಠ. ತನ್ನ ಪಟ್ಟಿಯಲ್ಲಿ ಒಂದು ಹೆಸರೂ ತಪ್ಪಿಲ್ಲ ಎಂದು ಪಟ್ಟಿ ಕೆಲಸದವರ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದವಳು ಆಕೆ. ಹೇಳಿ ತಿಂಗಳಾಗಿರಲಿಲ್ಲ, ಯಮನವ್ವನನ್ನು ಸಾಯಿಸಿಬಿಟ್ಟಳು.

ಆದದ್ದು ಇಷ್ಟೆ. ಓಣಿಯಲ್ಲಿ ಇಬ್ಬರು ಯಮನವ್ವಂದಿರು. ಇಬ್ಬರ ಗಂಡಂದಿರ ಹೆಸರೂ ಗೋವಿಂದಪ್ಪ. ಮೂಲೆಮನೆಯ ಯಮನವ್ವ ತೀರಿಕೊಂಡಾಗ ಅವಳ ಮಗ ಹೆಸರು ತೆಗೆಯಲು ಅರ್ಜಿ ಕೊಟ್ಟ. ರೋಹಿಣಿ ಅದನ್ನು ಮೊಬೈಲಿನಲ್ಲಿ ಏರಿಸುವ ಹೊತ್ತಿಗೆ ಅಂಗನವಾಡಿಯಲ್ಲಿ ಉಪ್ಪಿಟ್ಟು ತಳ ಹಿಡಿಯುತ್ತಿತ್ತು. ಇಬ್ಬರ ಹೆಸರೂ ಒಂದರ ಕೆಳಗೊಂದು ಇದ್ದವು, ಅವಸರದಲ್ಲಿ ಬೆರಳು ಒಂದು ಸಾಲು ಕೆಳಗಿಳಿಯಿತು. ಪಟ್ಟಿ ಬಂದಾಗ ಸತ್ತವಳು ಉಳಿದಿದ್ದಳು, ಇದ್ದವಳು ಹೋಗಿದ್ದಳು.

ಮುಚ್ಚಿಡುವ ಜಾಯಮಾನ ಆಕೆಯದಲ್ಲ. ನೇರ ಯಮನವ್ವನ ಮನೆಗೆ ಹೋದಳು. ಎಂಬತ್ತಾರರ ಮುದುಕಿ ಕಟ್ಟೆಯ ಮೇಲೆ ಕುಳಿತು ಮಗನ ಮಗ್ಗಕ್ಕೆ ರಾಟೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದಳು.

“ಆಯಿ, ನನ್ನಿಂದ ತಪ್ಪಾಗೇತ್ರಿ. ಓಟಿನ ಪಟ್ಟಿಯೊಳಗ ನೀವು ತೀರಿಕೊಂಡೀರಿ ಅಂತ ಬಂದೈತಿ.”

ಯಮನವ್ವ ರಾಟೆ ನಿಲ್ಲಿಸಲಿಲ್ಲ. “ಎಂದ ಸತ್ತೀನಂತ?”

“ಹೋದ ತಿಂಗಳ ಹದಿನಾಲ್ಕಕ್ಕ.”

“ಅವತ್ತ ಅಸುಂಡ್ಯಾಗ ಬಸುರಿ ಮೊಮ್ಮಗಳ ಕುಬಸದಾಗ ಹೋಳಗಿ ಉಣ್ಣಾಕತ್ತಿದ್ದೆ. ಮೊದಲ ಗೊತ್ತಿದ್ರ ಇನ್ನೊಂದು ಹಾಕಿಸ್ಕೊಂತಿದ್ದೆ.”

ರೇಷನ್ ಅಕ್ಕಿಯೂ ನಿಲ್ಲುತ್ತದೆಯೇ ಎಂದು ಒಮ್ಮೆ ಮಾತ್ರ ಗಾಬರಿಯಿಂದ ಕೇಳಿದಳು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಗೊತ್ತಾದ ಮೇಲೆ ಆಕೆಯನ್ನು ಹಿಡಿಯುವವರೇ ಇರಲಿಲ್ಲ. ಸೊಸೆ ಸುಮಿತ್ರವ್ವ ಬೇಳೆ ಹಸನು ಮಾಡಿಕೊಡಿ ಎಂದರೆ, ಸರ್ಕಾರದ ಲೆಕ್ಕದಲ್ಲಿ ಸತ್ತವಳಿಗೆ ಕೆಲಸ ಹಚ್ಚಬಾರದು ಎನ್ನುವಳು. ವಾರವಿಡೀ ಹೀಗೇ ನಡೆಯಿತು.

ತೆಗೆದ ಹೆಸರನ್ನು ಮತ್ತೆ ಸೇರಿಸಲು ಇದ್ದದ್ದು ಹೊಸ ಮತದಾರರ ಫಾರಂ ಒಂದೇ. ರೋಹಿಣಿ ತಾನೇ ಕುಳಿತು ತುಂಬಿದಳು, ಫೋಟೊ ತೆಗೆಸಿದಳು. ಹೆಸರು ಬಂತು, ಮೂಲೆಮನೆಯವಳ ಹೆಸರು ಹೋಯಿತು. ಅದರ ಬೆನ್ನಿಗೇ ಜನವರಿಯ ಮತದಾರರ ದಿನಾಚರಣೆಗೆ ಹೊಸ ಮತದಾರರನ್ನು ಕರೆಯುವ ಪತ್ರವೂ ಬಂತು. ರೋಹಿಣಿಗೆ ಅದು ಬೇಡವಾಗಿತ್ತು. ಆಯಿ ವೇದಿಕೆ ಹತ್ತಿದರೆ ತನ್ನ ತಪ್ಪು ಊರಿಗೆಲ್ಲ ಗೊತ್ತಾಗುತ್ತದೆ. ಬಿಸಿಲು, ಮೆಟ್ಟಿಲು, ಮೊಣಕಾಲು ಎಂದು ಏನೆಲ್ಲ ನೆಪ ಹೇಳಿ ನೋಡಿದಳು. ಯಮನವ್ವ ಆಗಲೇ ಪೆಟ್ಟಿಗೆಯಿಂದ ಇಳಕಲ್ಲ ಸೀರೆ ತೆಗೆದಾಗಿತ್ತು.

ಕಾಲೇಜು ಹುಡುಗ ಹುಡುಗಿಯರ ಸಾಲಿನಲ್ಲಿ ಯಮನವ್ವ ಕೋಲೂರಿ ನಿಂತಳು. ನಿರೂಪಕಿ ಕೈಯಲ್ಲಿದ್ದ ಹಾಳೆ ನೋಡಿ, ಯುವ ಮತದಾರರಾದ ಯಮನವ್ವ ಎಂದು ಕೂಗಿ, ಎದುರಿಗೆ ಬಂದವಳನ್ನು ನೋಡಿ ಮಾತು ನಿಲ್ಲಿಸಿದಳು. ಸಭೆ ಗೊಳ್ಳೆಂದಿತು. ಸೆರಗಿಗೆ ಹೊಸ ಮತದಾರರ ಬಿಲ್ಲೆ ಚುಚ್ಚಲು ಬಂದ ಅಧಿಕಾರಿ, ಇಷ್ಟು ವರ್ಷ ಯಾಕೆ ಹೆಸರು ಸೇರಿಸಿರಲಿಲ್ಲ ಎಂದು ಮೆಲ್ಲಗೆ ಕೇಳಿದರು. ಕೆಳಗೆ ನಿಂತಿದ್ದ ರೋಹಿಣಿ ಮುಂದಿನವರ ಬೆನ್ನಹಿಂದೆ ಸರಿದಳು.

“ನಡುವ ಸ್ವಲ್ಪ ದಿನ ಇದ್ದಿದ್ದಿಲ್ರಿ ಸಾಹೇಬ್ರ,” ಎಂದಳು ಯಮನವ್ವ. “ಈಗ ಬಂದೀನಿ.”

ಆ ಮಾತು ಕೇಳಿ ರೋಹಿಣಿಗೆ ನಗುವೂ ಬಂತು, ಕಣ್ಣೂ ತುಂಬಿತು. ಕಾರ್ಯಕ್ರಮ ಮುಗಿದ ಮೇಲೆ ತಾನೇ ಹೋಗಿ ಅಧಿಕಾರಿಗೆ ಎಲ್ಲ ಹೇಳಿದಳು. ಅವರು ಬೈದರು. ಬೈದು, ಮುಂದಿನ ಮೀಟಿಂಗಿನಲ್ಲಿ ಇದನ್ನೇ ಎಲ್ಲರ ಮುಂದೆ ಹೇಳಬೇಕು, ಬರೀ ಹೆಸರು ನೋಡಿ ಯಾರನ್ನೂ ತೆಗೆಯಬಾರದು ಎಂದು ತಾಕೀತು ಮಾಡಿದರು. ರೋಹಿಣಿ ಹೇಳಿದಳು. ಕೇಳಿದವರಲ್ಲಿ ಮೂವರು ಆ ಸಂಜೆಯೇ ತಮ್ಮ ಪಟ್ಟಿ ತೆಗೆದು ಮತ್ತೆ ತಾಳೆ ನೋಡಿದರಂತೆ.

ಬೇಸಿಗೆಯಲ್ಲಿ ಲೋಕಸಭೆ ಚುನಾವಣೆ ಬಂತು. ಎಂಬತ್ತೈದು ದಾಟಿದವರು ಮನೆಯಲ್ಲೇ ಮತ ಹಾಕಬಹುದಿತ್ತು. ಫಾರಂ ಹಿಡಿದು ಹೋದ ರೋಹಿಣಿ, ಒಮ್ಮೆ ಇದಕ್ಕೆ ಒಪ್ಪಿದರೆ ಮತದಾನದ ದಿನ ಬೂತಿಗೆ ಹೋಗಿ ಹಾಕುವಂತಿಲ್ಲ ಎಂದು ಎರಡೆರಡು ಸಲ ತಿಳಿಸಿದಳು. ಯಮನವ್ವ ಎರಡು ದಿನ ತೂಗಿ ನೋಡಿದಳು. ಬೂತಿನ ಸಾಲಿನಲ್ಲಿ ನಿಂತರೆ ನಾಲ್ಕು ಮಂದಿ ಮಾತಿಗೆ ಸಿಗುತ್ತಾರೆ, ಆದರೆ ಮೊಣಕಾಲು ಕೇಳಬೇಕಲ್ಲ. ಕೊನೆಗೆ ಸಹಿ ಮಾಡಿದಳು.

ಹೇಳಿದ ದಿನ ಜೀಪು ಓಣಿಗೆ ಬಂತು. ಇಬ್ಬರು ಸಿಬ್ಬಂದಿ, ಒಬ್ಬ ಪೊಲೀಸ, ವಿಡಿಯೊದವನು, ಪಕ್ಷಗಳ ಏಜೆಂಟರು. ಹಿಂದೆ ಅರ್ಧ ಓಣಿ. ಪಡಸಾಲೆಯಲ್ಲಿ ರಟ್ಟಿನ ಮರೆ ನಿಲ್ಲಿಸಿದರು. ಯಮನವ್ವ ಅದರ ಹಿಂದೆ ಕುಳಿತು ಸುತ್ತಲೂ ನೋಡಿದಳು. ಕಿಟಕಿಯಲ್ಲಿ ಇಣುಕುತ್ತಿದ್ದ ಸುಮಿತ್ರವ್ವನಿಗೆ ಕದ ಮುಚ್ಚೆಂದಳು. ಏಜೆಂಟರನ್ನು ಕಟ್ಟೆಗೆ ಕಳಿಸಿದಳು. ಆಮೇಲೆ ರೋಹಿಣಿಯ ಕಡೆ ತಿರುಗಿದಳು.

“ನೀನೂ ಹೊರಗ ನಡಿಯವಾ. ಸಾಯಿಸಿದಾಕಿ ನೀನ, ಬದುಕಿಸಿದಾಕಿ ನೀನ. ಆದ್ರ ಓಟು ನಂದು.”

ಹೊರಗೆ ಬೇವಿನ ನೆರಳಿನಲ್ಲಿ ಎಲ್ಲರೂ ಹತ್ತು ನಿಮಿಷ ಕಾದರು. ಯಮನವ್ವ ಚೀಟಿ ಮಡಚಿ, ಲಕೋಟೆಗೆ ತಾನೇ ಅಂಟು ಸವರಿ, ಪೆಟ್ಟಿಗೆಗೆ ಹಾಕಿದಳು. ಯಾರಿಗೆ ಹಾಕಿದಳೆಂದು ಇವತ್ತಿಗೂ ಮನೆಯವರಿಗೆ ಗೊತ್ತಿಲ್ಲ.

ಈಗ ಯಾರಾದರೂ ಹೆಸರು ತೆಗೆಯುವ ಅರ್ಜಿ ತಂದರೆ ರೋಹಿಣಿ ಮೊದಲು ಆ ಹೆಸರಿನ ಮತ್ತೊಬ್ಬರು ಓಣಿಯಲ್ಲಿದ್ದಾರೆಯೇ ನೋಡುತ್ತಾಳೆ. ಇದ್ದರೆ ಅವರ ಮನೆಗೇ ಹೋಗಿ, ಮುಖ ನೋಡಿ, ಕೊಟ್ಟ ಚಹಾ ಕುಡಿದು ಬರುತ್ತಾಳೆ. ಮೊಬೈಲಿನ ಗುಂಡಿ ಒತ್ತುವುದು ಆಮೇಲೆ.