ಸಸಿಹಿತ್ಲಿನ ಮರಳಿನಲ್ಲಿ ಸ್ಪ್ಯಾನಿಷ್

ಪುತ್ತೂರು ಪೇಟೆಯಲ್ಲಿ ಒಣಮೀನು ಮಾರುವ ಪೋಕರ್‌ಗೆ ಸ್ಪ್ಯಾನಿಷ್ ಭಾಷೆ ಬರುತ್ತದೆಂಬ ಮಾತನ್ನು ಊರು ನಂಬಿಯೂ ಇರಲಿಲ್ಲ, ಮರೆತೂ ಇರಲಿಲ್ಲ. ಒಣಮೀನಿನ ವಾಸನೆಯ ಹಾಗೆ ಅದೂ ಅವನಿಗೆ ಅಂಟಿಕೊಂಡ ಸಂಗತಿ.

ಎಳೆ ಪ್ರಾಯದಲ್ಲೇ ಮುಂಬಯಿಗೆ ಓಡಿ, ಹಡಗಿನ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಸೇರಿದವನು ಅವನು. ಬ್ಯೂನಸ್ ಐರಿಸ್ ಎಂಬ ದೂರದ ಬಂದರಿನಲ್ಲಿ ಜ್ವರದಿಂದ ಮಲಗಿದಾಗ ಹಡಗು ಅವನನ್ನು ಬಿಟ್ಟೇ ಹೋಯಿತು. ಊಟದ ಹೋಟೆಲು ನಡೆಸುತ್ತಿದ್ದ ಒಬ್ಬ ವಿಧವೆ ಅವನನ್ನು ಮೂಟೆ ಹೊರಲು, ಪಾತ್ರೆ ತೊಳೆಯಲು ಇಟ್ಟುಕೊಂಡಳು. ನಾಲ್ಕು ವರ್ಷ ಅವನು ಆ ಭಾಷೆಯಲ್ಲೇ ಉಂಡ, ಬೈಸಿಕೊಂಡ, ಕನಸು ಕಂಡ. ಎರಡನೇ ಮಹಾಯುದ್ಧಕ್ಕೆ ಮೊದಲು ಊರಿಗೆ ಮರಳಿದಾಗ ಕೈಯಲ್ಲೊಂದು ತಗಡಿನ ಪೆಟ್ಟಿಗೆ, ಬಾಯಲ್ಲೊಂದು ಭಾಷೆ. ಪೆಟ್ಟಿಗೆ ತುಕ್ಕು ಹಿಡಿದದ್ದು ಕಣ್ಣಿಗೆ ಕಂಡಿತು. ಭಾಷೆಯ ಗತಿ ಏನಾಗಿದೆಯೆಂದು ನೋಡುವ ಪ್ರಸಂಗ ಬಂದದ್ದು ಅರವತ್ತೊಂದನೇ ಇಸವಿಯ ಬೇಸಿಗೆಯಲ್ಲಿ.

ಎದುರಂಗಡಿಯ ಅಡಿಕೆ ವ್ಯಾಪಾರಿ ಮಹಾಬಲನಿಗೆ ಗಿರಾಕಿ ಇಲ್ಲದಾಗ ಬಾಯಿ ತುರಿಸುತ್ತದೆ. ಚಾ ಹೋಟೆಲಿನಲ್ಲಿ ನಾಲ್ಕು ಜನರೆದುರು ಕೇಳಿದ: “ಬ್ಯಾರಿಗಳೇ, ಬರ್ತದೆ ಬರ್ತದೆ ಅಂತೀರಿ. ಸ್ಯಾಂಪಲ್ಲು ನೋಡದೆ ನಾನು ಒಂದು ಮೂಟೆ ಅಡಿಕೆಯೂ ತಕ್ಕೊಳ್ಳುದಿಲ್ಲ ಮಾರಾಯ್ರೆ. ಸ್ವಲ್ಪ ಬಿಚ್ಚಿ, ನೋಡುವ.”

ಪೋಕರ್ ಬಾಯಿ ತೆರೆದ. ಏನೂ ಬರಲಿಲ್ಲ. ಹೋಟೆಲು ನಕ್ಕಿತು, ಅವನೂ ನಕ್ಕ. ಪೇಟೆಯಲ್ಲಿ ಬದುಕುವವನು ನಗದೆ ಆಗುತ್ತದೆಯೇ? ಆದರೆ ಚಾವನ್ನು ಅರ್ಧಕ್ಕೇ ಬಿಟ್ಟು ಎದ್ದ. ಆ ನಾಲ್ಕು ವರ್ಷಕ್ಕೆ ಅವನ ಬಳಿ ಇದ್ದ ಸಾಕ್ಷಿ ಅದೊಂದೇ. ಅದೂ ಹೋದರೆ ತಾನು ಅಲ್ಲಿಗೆ ಹೋದದ್ದೇ ಸುಳ್ಳಾಗುತ್ತದೆ. ಊರಿಗೆ ಅದು ಯಾವತ್ತೂ ಸುಳ್ಳೇ, ಇನ್ನು ತನಗೂ.

ಅಭ್ಯಾಸ ಮಾಡಬೇಕು ಸರಿ, ಎಲ್ಲಿ? ಅಂಗಡಿಯಲ್ಲಿ ಆಗದು. ಒಬ್ಬನೇ ಮಾತಾಡುವವನ ತಕ್ಕಡಿಯನ್ನು ಯಾರೂ ನಂಬುವುದಿಲ್ಲ. ಮನೆಯಲ್ಲಿ ಆದರೆ ಜಿನ್ನು ಹಿಡಿದಿದೆಯೆಂದು ನೆರೆಯವರು ಮಂತ್ರಿಸುವ ತಂಗಳ್‌ರನ್ನು ಕರೆಸಿ ಊದಿಸುತ್ತಾರೆ. ಸಮುದ್ರದ ಬದಿಯೇ ವಾಸಿ, ಭಾಷೆ ಬಂದ ದಾರಿಯೂ ಅದೇ. ನೋವಿನ ಮೊಣಕಾಲಿಗೆ ಬಿಸಿ ಮರಳಿನ ಶಾಖ ಬೇಕೆಂದು ಊರಿಗೆ ಹೇಳಿದ್ದಾಯಿತು. ಮಲ್ಪೆಯಲ್ಲಿ ಮೀನಿನವರೆಲ್ಲ ಗುರುತು, ದರ ಮಾತಾಡದೆ ನಡೆಯಲಿಕ್ಕಿಲ್ಲ. ಉಳ್ಳಾಲದ ತುಂಬ ಹೆಂಡತಿಯ ನೆಂಟರು, ಒಬ್ಬರ ಮನೆಯಲ್ಲಿ ಉಂಡರೆ ಇನ್ನೊಬ್ಬರಿಗೆ ಸಿಟ್ಟು. ಮಂಗಳೂರಿನ ಬಂದರಿಗೆ ಪರದೇಶದ ಹಡಗುಗಳು ಬರುತ್ತವೆ. ಆದರೆ ಆ ಭಾಷೆ ನಿಜವಾಗಿ ಬಲ್ಲವನೇ ಸಿಕ್ಕಿ, ಇವನ ಮಾತು ಕೇಳಿ ನಕ್ಕರೆ? ಕೊನೆಗೆ ಸಸಿಹಿತ್ಲು ಎಂದಾಯಿತು. ಬರೀ ಮರಳು, ಗಾಳಿಮರ, ಕಾಗೆ. ಪಕ್ಕದ ಊರು ಹಳೆಯಂಗಡಿಯಲ್ಲಿ ಮೀನಿನ ಲಾರಿಯವನ ಗುರುತಿನ ಮೇಲೆ ಒಂದು ಕೋಣೆ ಸಿಕ್ಕಿತು.

ಒಬ್ಬನೇ ಹೋಗುವ ಅವನ ಲೆಕ್ಕಾಚಾರವನ್ನು ಹೆಂಡತಿ ಮೈಮೂನಾ ಕೆಡಿಸಿದಳು. “ಇಷ್ಟು ವರ್ಷ ಒಣಗಿದ್ದನ್ನೇ ನೋಡಿ ಆಯ್ತು. ಹಸಿ ಸಮುದ್ರ ನಾನೂ ಒಮ್ಮೆ ಕೂತು ನೋಡ್ತೇನೆ.”

ಸಸಿಹಿತ್ಲಿನಲ್ಲಿ ಬುತ್ತಿ, ಚಾಪೆಯ ಗಂಟನ್ನೂ ಅವಳನ್ನೂ ಗಾಳಿಮರದ ನೆರಳಿನಲ್ಲಿ ಬಿಟ್ಟು, ಅವನು ನೀರಿನ ಅಂಚಿಗೆ ಹೋಗಿ ಶುರು ಮಾಡಿದ. ರೊಟ್ಟಿ, ನೀರು, ಉಪ್ಪು, ಕತ್ತೆ ಎಂಬ ಮಾತುಗಳೆಲ್ಲ ಬಂದವು. ಆದರೆ ಬಿಡಿ ಬಿಡಿ, ಪೋಣಿಸಿದರೆ ನಿಲ್ಲಲಿಲ್ಲ. ಅಲ್ಲಿನ ಹೋಟೆಲಿನಲ್ಲಿ ಅವನು ಮೂಟೆ ಇಳಿಸಿ ಉಸ್ಸೆಂದಾಗಲೆಲ್ಲ ಆ ವಿಧವೆ ಒಂದು ಮಾತು ಹೇಳುತ್ತಿದ್ದಳು. ಅದಂತೂ ಹತ್ತಿರ ಸುಳಿಯಲೇ ಇಲ್ಲ. ಎರಡು ದಿನ ಸಮುದ್ರದೊಡನೆ ಹೆಣಗಿದ. ಸಮುದ್ರ ತನ್ನದೇ ಹೇಳುತ್ತಿತ್ತು, ಇವನದನ್ನು ಕೇಳಲಿಲ್ಲ. ಮನೆಯಲ್ಲಿ ಮಲಗಿದ್ದರೆ ಮೊಣಕಾಲಾದರೂ ಉಳಿಯುತ್ತಿತ್ತು.

ಎರಡನೇ ದಿನ ಸಂಜೆ, ಗಂಡ ಎಷ್ಟು ಹೊತ್ತಾದರೂ ಬಾರದ್ದು ನೋಡಿ, ಮೈಮೂನಾ ಗಂಟು ಹೊತ್ತು ಹುಡುಕುತ್ತ ಬಂದಳು. ಮೆತ್ತನೆ ಮರಳಿನಲ್ಲಿ ಕಾಲು ಕೀಳುವುದೇ ಒಂದು ದುಡಿಮೆ. ಗಂಟನ್ನು ಧೊಪ್ಪನೆ ಇಳಿಸಿ, ಸೊಂಟ ಹಿಡಿದು ಕೂತು ಅಂದಳು: “ಎಸ್ತೋಯ್ ಕನ್ಸಾದೊ.”

ಪೋಕರ್ ತಿರುಗಿ ನೋಡಿದ. ಯಾರಿಂದ ಕಲಿತೆ ಎಂದು ಕೇಳಿದ.

“ಕಲಿಯುದು ಎಂತ? ಸಂಜೆ ಬುಟ್ಟಿ ಇಳಿಸುವಾಗ ನೀವು ದಿನಾ ಹೇಳುದಿಲ್ವಾ? ನನಗೆ ಕಿವಿ ಇಲ್ವಾ?”

ಅವನಿಗೆ ತಾನು ಹಾಗೆ ಹೇಳುವುದೇ ಗೊತ್ತಿರಲಿಲ್ಲ. ಅರ್ಥ ಗೊತ್ತುಂಟಾ ಎಂದ.

“ಭಾರ ಇಳಿಸುವಾಗ ಹೇಳುವ ಮಾತಿಗೆ ಅರ್ಥ ಬೇರೆ ಬೇಕಾ? ಅದು ಕೇಳಿದರೆ ನಾನು ಚಾಕ್ಕೆ ನೀರಿಡ್ತೇನೆ.”

ಸುಸ್ತಾಗಿದೆ ಎಂಬುದೇ ಅದರ ಅರ್ಥ. ಇಷ್ಟು ವರ್ಷ ಆ ಮಾತು ಅವನ ಬಾಯಿಂದ ಹೋಗುತ್ತಿತ್ತೇ ಹೊರತು ಯಾರ ಬಾಯಿಂದಲೂ ಅವನ ಕಡೆಗೆ ಬಂದಿರಲಿಲ್ಲ. ಇವತ್ತು ಬಂತು. ಬಂದದ್ದೇ ತಡ, ಅದರ ಹಿಂದೆಯೇ, ಕರೆಯದೆ, ವಿಧವೆಯ ಮಾತು ಅವನ ನಾಲಗೆಗೆ ಬಂದು ಕೂತಿತು.

“ಸೆಂತಾತೆ,” ಅಂದ ಪೋಕರ್.

“ಹಾಗೆಂದರೆ?”

“ಕೂತುಕೊ ಅಂತ.”

“ನಾನು ಕೂತೇ ಆಯ್ತಲ್ಲ,” ಅಂದಳು ಮೈಮೂನಾ, ಗಂಟನ್ನು ಬದಿಗೆ ಸರಿಸಿ. “ಆ ಕಾಲು ಹಿಡ್ಕೊಂಡು ನಿಂತದ್ದು ನೀವು. ಕೂತುಕೊಳ್ಳಿ.”

ಪೋಕರ್ ಕೂತ.