ಅಂಗಾಲಿನ ಮೂರು ಗಂಟು

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದೆ. ಮೊದಲು, ಅಮ್ಮ ಇದ್ದಾಳೆ, ಅವಳಿಗೆ ನೋವಾದೀತು ಎಂದು. ಆಮೇಲೆ, ಮಕ್ಕಳು ಸಣ್ಣವರು ಎಂದು. ಆಮೇಲೆ — ಕಾರಣವೇ ಇಲ್ಲದೆ. ಈಗ ಎಪ್ಪತ್ತು ದಾಟಿದೆ. ಕೈ ನಡುಗುತ್ತದೆ, ಆದರೆ ಬರೆಯಲಾಗದಷ್ಟು ಅಲ್ಲ. ಆದ್ದರಿಂದ ನೇರವಾಗಿ ಬರೆಯುತ್ತೇನೆ: ಎರಡನೇ ಮಹಾಯುದ್ಧದ ಕಾಲದಲ್ಲಿ ಒಬ್ಬ ಹೆಂಗಸು ಸಿಪಾಯಿಗಳಿಗಾಗಿ ಹೆಣೆದ ಕಾಲುಚೀಲದೊಳಗೆ ನಾನು ಮೂರು ಗಂಟು ಹಾಕಿದೆ. ಬೇಕೆಂದೇ ಹಾಕಿದೆ. ಎಲ್ಲರ ಮುಂದೆ ಆ ಹೆಂಗಸಿನ ಮಾನ ಹೋಗಲಿ ಎಂದು ಹಾಕಿದೆ. ಹೋಯಿತು.

ಅದಕ್ಕಿಂತ ದೊಡ್ಡ ತಪ್ಪೊಂದಿದೆ. ಅದು ಗಂಟಿನದಲ್ಲ, ನಾಲಗೆಯದು. ಅಲ್ಲಿಗೂ ಬರುತ್ತೇನೆ.

ಮಂಗಳೂರಿನ ಫಳ್ನೀರಿನ ಕಡೆಯ ಒಂದು ಹುಡುಗಿಯರ ಶಾಲೆಯಲ್ಲಿ ನನ್ನ ಅಮ್ಮ ಆಯಾ ಆಗಿದ್ದಳು. ಅಲ್ಲಿ ಕೈಕೆಲಸ ಕಲಿಸುತ್ತಿದ್ದವರನ್ನು ಊರೆಲ್ಲ ಟೀಚರ್ ಬಾಯಿ ಎಂದೇ ಕರೆಯುತ್ತಿತ್ತು. ಮನೆಯಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತರು, ವಿಧವೆ. ಒಬ್ಬನೇ ಮಗ ಸೈನ್ಯಕ್ಕೆ ಸೇರಿ ದೂರ ಹೋಗಿದ್ದ. ಯುದ್ಧ ಜೋರಾದ ಮೇಲೆ ಶಾಲೆಯ ಹಿಂದಿನ ಹಾಲ್‌ನಲ್ಲಿ ಹೆಂಗಸರು ಸೇರಿ ಸಿಪಾಯಿಗಳಿಗೆ ಉಣ್ಣೆಯ ಕಾಲುಚೀಲ ಹೆಣೆಯತೊಡಗಿದರು. ಯಜಮಾನಿಕೆ ಟೀಚರ್ ಬಾಯಿಯದು. ಹೈಸ್ಕೂಲು ಮುಗಿಸಿ ಕೆಲಸವಿಲ್ಲದೆ ತಿರುಗುತ್ತಿದ್ದ ನನ್ನನ್ನು, ಅಕ್ಷರ ದುಂಡಗಿದೆ ಎಂದು, ಅವರೇ ಕರೆದು ಅಲ್ಲಿ ಕೂರಿಸಿದರು. ನೂಲಿನ ಉಂಡೆ ಹಂಚುವುದು, ಮುಗಿದ ಪ್ರತಿ ಜೊತೆಗೂ ಹೆಣೆದವರ ಹೆಸರಿನ ಚೀಟಿ ಬರೆದು ಸಿಕ್ಕಿಸುವುದು, ಪೆಟ್ಟಿಗೆಗೆ ತುಂಬುವುದು — ಇಷ್ಟು ನನ್ನ ಕೆಲಸ. ಮಂಗಳೂರಿನ ಸೆಕೆಯಲ್ಲಿ ಆ ಉಣ್ಣೆ ಒದ್ದೆ ಕುರಿಯ ಹಾಗೆ ನಾರುತ್ತಿತ್ತು.

ಅಮ್ಮನ ತವರು ಬೋಳಾರದ ಹೊಳೆಬದಿಯಲ್ಲಿ. ಮೀನಿನ ಬಲೆ ಹೆಣೆಯುವ ಮನೆ. ಅವಳ ಬೆರಳಿನ ಚುರುಕು ಕಂಡು ಟೀಚರ್ ಬಾಯಿ ಒಂದು ದಿನ, "ಅಕ್ಕು, ಗುಡಿಸಿದ್ದು ಸಾಕು ಮಾರಾಯ್ತಿ, ಇಲ್ಲಿ ಬಂದು ಕೂತುಕೋ" ಎಂದು ಹೆಣಿಗೆಯ ನಾಲ್ಕು ಕಡ್ಡಿ ಕೈಗಿತ್ತರು. ನಮ್ಮೊಡನೆ ಅವರು ತುಳುವಿನಲ್ಲೇ ಮಾತಾಡುತ್ತಿದ್ದರು. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹೆಣಿಗೆಯ ಕ್ರಮ ಹೀಗಿತ್ತು. ಕಾಲಿನ ಮೇಲ್ಭಾಗಕ್ಕೆಲ್ಲ 'ಅಕ್ಕಿಕಾಳು' — ಒಂದು ಕುಣಿಕೆ ಸೀದಾ, ಒಂದು ಉಲ್ಟಾ, ಮುಂದಿನ ಸುತ್ತಿನಲ್ಲಿ ಅದಲುಬದಲು. ಮುಗಿದಾಗ ಬಟ್ಟೆಯ ಮೇಲೆ ಅಕ್ಕಿ ಚೆಲ್ಲಿ ಅಂಟಿಸಿದಂತೆ ಉಬ್ಬುಬ್ಬಾಗಿ ಕಾಣುತ್ತಿತ್ತು. ಎರಡು ಬದಿಗೂ ಜಡೆಯಂತೆ ಸುತ್ತಿಕೊಂಡು ಇಳಿಯುವ ಹುರಿ. ಅಂಗಾಲು ಮಾತ್ರ ನುಣ್ಣಗೆ. "ಮೇಲೆ ಎಷ್ಟು ಬೇಕಾದರೂ ಚಂದ ಮಾಡಿ, ಕೆಳಗೆ ಸಾಸಿವೆಯಷ್ಟೂ ಇರಬಾರದು. ಇಪ್ಪತ್ತು ಮೈಲು ನಡೆಯುವವನಿಗೆ ಸಾಸಿವೆ ಕಲ್ಲಾಗ್ತದೆ" — ಟೀಚರ್ ಬಾಯಿ ಇದನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಹಾಗಾಗಿ ಒಂದು ಉಂಡೆ ಮುಗಿದು ಇನ್ನೊಂದನ್ನು ಸೇರಿಸುವಾಗ ಗಂಟು ಹಾಕುವಂತಿರಲಿಲ್ಲ. ಎರಡೂ ತುದಿಗಳ ಎಳೆ ಬಿಡಿಸಿ, ಒಂದರ ಮೇಲೊಂದು ಇಟ್ಟು, ಬಾಯಲ್ಲಿ ಹಾಕಿ ಒದ್ದೆ ಮಾಡಿ, ಅಂಗೈಗಳ ನಡುವೆ ಉಜ್ಜಬೇಕು. ಉಣ್ಣೆ ತಾನಾಗಿ ಒಂದಾಗುತ್ತದೆ.

ಅಮ್ಮನಿಂದ ಅದೊಂದು ಆಗಲಿಲ್ಲ.

ಅವಳು ತನ್ನ ಮೊದಲ ಜೊತೆಯನ್ನು ಮುಗಿಸಿ ಮೇಜಿನ ಮೇಲಿಟ್ಟ ದಿನ ನನಗೆ ಚೆನ್ನಾಗಿ ನೆನಪಿದೆ. ಇಪ್ಪತ್ತು ದಿನದ ಕೆಲಸ. ಅಕ್ಕಿಕಾಳು ಒಂದೊಂದೂ ಆರಿಸಿಟ್ಟ ಹಾಗೆ. ಟೀಚರ್ ಬಾಯಿ ಹೊರಗಿನಿಂದ ನೋಡಿ ತಲೆದೂಗಿದರು. ಆಮೇಲೆ ಕೈಯನ್ನು ಒಳಗೆ ಹಾಕಿದರು. ಅಂಗಾಲಿನ ಹತ್ತಿರ ಬೆರಳು ನಿಂತಿತು.

"ಅಕ್ಕು, ಇದೆಂತ?"

ಅಮ್ಮ ಚೀಲದ ಕಡೆ ಕೈ ಚಾಚಿದಳು. ಅವರು ಕೊಡಲಿಲ್ಲ.

"ಎಷ್ಟು ಸಲ ಹೇಳಿದ್ದೇನೆ? ಗಂಟು ಹಾಕ್ಬೇಡ, ಗಂಟು ಹಾಕ್ಬೇಡ! ಇದು ಕಾಲಿಗೆ ಹಾಕುವುದಾ, ಹೊಳೆಗೆ ಬಿಡುವುದಾ?" ಅವರು ಅದನ್ನು ಎತ್ತಿ ಎಲ್ಲರಿಗೂ ತೋರಿಸಿದರು. "ನೋಡಿ, ಬಲೆಯವರ ಕೈಗೆ ಕಡ್ಡಿ ಕೊಟ್ಟದ್ದಕ್ಕೆ! ಇದರಲ್ಲಿ ಬಂಗುಡೆ ಹಿಡೀಬಹುದು."

"ಬಂಗುಡೆ ಯಾಕೆ ಬಾಯಿ, ಜಪಾನಿನವರನ್ನೇ ಹಿಡೀಬಹುದು," ಎಂದಳು ಮುಂದಿನ ಸಾಲಿನ ಒಬ್ಬಾಕೆ. ಹಾಲ್‌ಗೆ ಹಾಲೇ ನಕ್ಕಿತು.

ಆ ನಗು ನಿಲ್ಲುವ ಮೊದಲೇ ಟೀಚರ್ ಬಾಯಿ ಕಾಲುಚೀಲದ ಬೆರಳತುದಿಯ ಕಡೆ ಕತ್ತರಿ ಹಾಕಿ ನೂಲು ಎಳೆದರು. ಸರ್ರೆಂದು ಬಿಚ್ಚುತ್ತ ಹೋಯಿತು. ಗಂಟು ಬಂದಲ್ಲಿ ನಿಂತಿತು. ಅಲ್ಲಿ ಕತ್ತರಿಸಿ ಮತ್ತೆ ಎಳೆದರು. ಇಪ್ಪತ್ತು ದಿನದ ಕೆಲಸ ಶ್ಯಾವಿಗೆಯ ಹಾಗೆ ಗುಂಗುರು ಗುಂಗುರಾಗಿ ನೆಲದ ಮೇಲೆ ಬಿತ್ತು. ಅಮ್ಮ ಪೂರ್ತಿ ಬಿಚ್ಚಿ ಮುಗಿಯುವ ತನಕ ಅಲ್ಲೇ ನಿಂತಿದ್ದಳು. ಆಮೇಲೆ ಮೂಲೆಗೆ ಹೋಗಿ ಹಿಡಿಸೂಡಿ ತಂದಳು. ತನ್ನದೇ ಕಾಲುಚೀಲದ ಚೂರುಗಳನ್ನು ತಾನೇ ಗುಡಿಸಿದಳು.

ನಾನು ಮೇಜಿನ ಆಚೆ ಕುಳಿತು ಚೀಟಿ ಬರೆಯುತ್ತಿದ್ದೆ. ಎದ್ದು ನಿಲ್ಲಬಹುದಿತ್ತು. ನಿಲ್ಲಲಿಲ್ಲ.

ಸಂಜೆ ಮನೆಯಲ್ಲಿ ಕೇಳಿದೆ — ಯಾಕೆ ಗಂಟು ಹಾಕಿದೆ, ಅಷ್ಟು ಹೇಳಿದ ಮೇಲೂ?

"ಯುದ್ಧಕ್ಕೆ ಹೋಗುವವನ ಕಾಲಿಗೆ ನನ್ನ ಎಂಜಲಾ ಮಗಾ?" ಎಂದಳು. "ಅವನಿಗೇನಾದರೂ ಆದರೆ ಅದರ ಪಾಪ ನನಗೆ ತಾಗುವುದಿಲ್ವಾ?"

"ಹಾಗೆಂದು ಅವರಿಗೆ ಹೇಳಬೇಕಿತ್ತು."

"ಅವರೂ ಎಂಜಲು ಹಚ್ತಾರೆ. ಅವರದ್ದು ತಪ್ಪು ಅಂತ ಅಷ್ಟು ಜನರ ಎದುರು ನಾನು ಹೇಳುವುದಾ?"

ಒಂದು ಬಟ್ಟಲು ನೀರು ಮೇಜಿನ ಮೇಲೆ ಇಟ್ಟಿದ್ದರೆ ಮುಗಿಯುತ್ತಿತ್ತು. ಎಂಜಲಿನ ಬದಲು ನೀರಾದರೂ ಆಗುತ್ತಿತ್ತು. ಅದು ಬೇರೆ ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆಯಿತು, ಅದೇ ಸಂಜೆ — ಮತ್ತು ನಾನು ಅದನ್ನು ಟೀಚರ್ ಬಾಯಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ಅಮ್ಮನನ್ನು ಕರೆದು ಮತ್ತೆ ಕೂರಿಸುತ್ತಿದ್ದರು. ನನಗೆ ಅದು ಬೇಕಿರಲಿಲ್ಲ. ನನಗೆ ಅವರು ನಗೆಪಾಟಲಾಗುವುದು ಬೇಕಿತ್ತು. ಅವರ ಕೆಲಸವೂ ಅವರ ಕಣ್ಣೆದುರೇ ಬಿಚ್ಚಿಹೋಗುವುದು ಬೇಕಿತ್ತು.

ಮೂರು ತಿಂಗಳು ಕಾದೆ. ಈ ಮೂರು ತಿಂಗಳ ಬಗ್ಗೆ ಸುಳ್ಳು ಹೇಳಲಾರೆ — ಅವು ನನಗೆ ಸುಖದ ದಿನಗಳು. ಅವರು "ನೂಲು ಕೊಡು" ಎಂದಾಗ ನಗುತ್ತ ಕೊಡುತ್ತಿದ್ದೆ. ಅವರ ಕನ್ನಡಕ ಕೆಳಗೆ ಬಿದ್ದರೆ ಓಡಿಹೋಗಿ ಎತ್ತಿಕೊಡುತ್ತಿದ್ದೆ. "ನಿನ್ನ ಮಗ ಒಳ್ಳೆಯವ ಅಕ್ಕು" ಎಂದು ಅವರು ಅಮ್ಮನಿಗೆ ಹೇಳುವಾಗ ತಲೆ ಬಗ್ಗಿಸಿ ಚೀಟಿ ಬರೆಯುತ್ತಿದ್ದೆ. ನನ್ನ ಸೇಡು ಹಾಗೆ ಬೆಳೆಯಿತು, ದಿನಕ್ಕೆ ನಾಲ್ಕು ಸುತ್ತಿನಂತೆ, ಒಂದು ಕುಣಿಕೆಯೂ ತಪ್ಪದೆ. ಅಮ್ಮ ಮಾತ್ರ ಮತ್ತೆ ಕಡ್ಡಿ ಮುಟ್ಟಲಿಲ್ಲ. ಹಾಲ್ ಗುಡಿಸುತ್ತಿದ್ದಳು, ಕಾಫಿ ಕೊಡುತ್ತಿದ್ದಳು.

ಕೊನೆಗೆ ಮದರಾಸಿನಿಂದ ಒಬ್ಬ ದೊರೆಸಾನಿ ಬರುವರೆಂದು ಸುದ್ದಿ ಬಂತು. ಇಂಥ ಹಾಲ್‌ಗಳ ಮೇಲ್ವಿಚಾರಣೆ ಅವರದು. ಅವರಿಗೆ ತೋರಿಸಲು ಟೀಚರ್ ಬಾಯಿ ತಾವೇ ಒಂದು ಜೊತೆ ಹೆಣೆದರು. ಅಂಥ ಅಕ್ಕಿಕಾಳು ನಾನು ಮತ್ತೆ ಕಂಡಿಲ್ಲ. ಚೀಟಿ ನಾನೇ ಬರೆದೆ. ಅವರ ಪೂರ್ತಿ ಹೆಸರನ್ನು ಬರೆದದ್ದು ಅದೇ ಮೊದಲು.

ದೊರೆಸಾನಿ ಬರುವ ದಿನ ಮಧ್ಯಾಹ್ನ ಇಗರ್ಜಿಯ ಗಂಟೆ ಹೊಡೆದು ಹೆಂಗಸರೆಲ್ಲ ಜಗಲಿಗೆ ಊಟಕ್ಕೆ ಹೋದರು. ನಾನು ಒಂದು ಕಾಲುಚೀಲವನ್ನು ಒಳಮಗ್ಗುಲು ಹೊರಗೆ ಮಾಡಿ, ಅಂಗಾಲಿನ ಒಂದು ಎಳೆಯನ್ನು ಕಡ್ಡಿಯಿಂದ ಎತ್ತಿ, ಅದಕ್ಕೆ ಅದೇ ಖಾಕಿ ಬಣ್ಣದ ತುಂಡು ನೂಲು ಸುತ್ತಿ ಬಿಗಿದೆ. ಒಂದು. ಹಿಮ್ಮಡಿಯ ಕೆಳಗೆ ಇನ್ನೊಂದು. ಹೆಬ್ಬೆರಳಿನ ಬುಡದಲ್ಲಿ ಮತ್ತೊಂದು. ತುದಿ ಕತ್ತರಿಸಿದೆ. ಚೀಲ ತಿರುಗಿಸಿ, ಮೊದಲಿದ್ದ ಹಾಗೆಯೇ ಮಡಚಿಟ್ಟೆ.

ದೊರೆಸಾನಿ ಬಂದರು. ಅಕ್ಕಿಕಾಳಿನ ಮೇಲೆ ಬೆರಳಾಡಿಸಿ ಹೊಗಳಿದರು. ಆಮೇಲೆ ಕೈ ಒಳಗೆ ಹಾಕಿದರು. ಬೆರಳು ನಿಂತಿತು. ಚೀಲವನ್ನು ತಿರುಗಿಸಿ ಟೀಚರ್ ಬಾಯಿಯ ಮುಂದಿಟ್ಟರು.

ನಾನು ಕಾದಿದ್ದ ಕ್ಷಣ ಅದು. ಅವರ ಮುಖ ಸುಣ್ಣದ ಹಾಗಾಯಿತು. ಆಹಾ ಎನಿಸಿತು ನನಗೆ — ಹೌದು, ಹಾಗೆಯೇ ಅನಿಸಿತು. ಆದರೆ ಅದು ಎರಡು ಉಸಿರಿನಷ್ಟು ಮಾತ್ರ. ಯಾಕೆಂದರೆ ಮುಂದಿನ ಸಾಲಿನ ಅದೇ ಹೆಂಗಸು ಬಗ್ಗಿ ನೋಡಿ ಹೇಳಿದಳು: "ಇದು ಅಕ್ಕುವಿನ ಗಂಟು ಅಲ್ವಾ? ಅದೇ ಬಲೆಯ ಗಂಟು! ಹೊಟ್ಟೆಕಿಚ್ಚಿಗೆ ಹಾಕಿದ್ದು ಅವಳೇ."

ಅಷ್ಟು ಲೆಕ್ಕ ಹಾಕಿದ್ದ ನಾನು ಇದೊಂದನ್ನು ಯೋಚಿಸಿರಲಿಲ್ಲ. ಸಣ್ಣವನಿರುವಾಗ ಬೋಳಾರದ ಅಂಗಳದಲ್ಲಿ ಅಮ್ಮನ ಪಕ್ಕ ಕುಳಿತು ಕಲಿತದ್ದು ಅದೊಂದೇ ಗಂಟು. ಗಂಟು ಎಂದರೆ ನನ್ನ ಬೆರಳಿಗೆ ಗೊತ್ತಿದ್ದದ್ದು ಅದೇ.

ಅಮ್ಮ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಗಂಟನ್ನು ನೋಡಿದಳು, ನನ್ನನ್ನು ನೋಡಿದಳು, ಬಾಯಿ ತೆರೆಯಲಿಲ್ಲ. ನಾನೂ ತೆರೆಯಲಿಲ್ಲ. ಟೀಚರ್ ಬಾಯಿ ಅವಳನ್ನು ನೋಡಿದರು. ಆಮೇಲೆ ನನ್ನನ್ನು. ನನ್ನ ತೋಳಿನ ಮೇಲೆ ಖಾಕಿ ನೂಲಿನ ಚೂರುಗಳಿದ್ದವು.

"ಅಕ್ಕು ಎಂತಕ್ಕೆ ಹಾಕ್ತಾಳೆ?" ಎಂದರು. "ನಾನೇ ಹಾಕಿದ್ದು. ನೂಲು ಮುಗಿದಿತ್ತು, ಅವಸರ ಆಯಿತು." ಅದನ್ನೇ ಇಂಗ್ಲಿಷಿನಲ್ಲಿ ದೊರೆಸಾನಿಗೂ ಹೇಳಿದರು. ಆಮೇಲೆ ಕತ್ತರಿ ತೆಗೆದುಕೊಂಡು, ಎಲ್ಲರೂ ನೋಡುತ್ತಿರುವಂತೆ, ತಮ್ಮ ಕಾಲುಚೀಲವನ್ನು ತಾವೇ ಬಿಚ್ಚಿದರು. ನಾನು ಬಯಸಿದ್ದು ಅಕ್ಷರಶಃ ನಡೆಯಿತು.

ಹಾಲ್‌ನ ಉಸ್ತುವಾರಿ ಮರುದಿನವೇ ಬೇರೊಬ್ಬರಿಗೆ ಹೋಯಿತು. ಟೀಚರ್ ಬಾಯಿ ಶಾಲೆಯನ್ನೂ ಬಿಟ್ಟು ಕಡ್ಡಿಗಳ ಚೀಲ ಹಿಡಿದು ಹೊರಡುವಾಗ ನನ್ನ ಮೇಜಿನ ಹತ್ತಿರ ನಿಂತರು. ಗಂಟಿನ ಮಾತೆತ್ತಲಿಲ್ಲ.

"ನಿನ್ನೆಯಿಂದ ನಿನ್ನ ಅಮ್ಮ ನನ್ನನ್ನು ಕಂಡರೆ ಒಳಗೆ ಹೋಗ್ತಾಳೆ. ನೀನು ಹೇಳು ಅವಳಿಗೆ. ಅವತ್ತು ಎಲ್ಲರ ಎದುರು ನಾನು ಬಿಚ್ಚಿದ್ದು ತಪ್ಪು. ಬಂಗುಡೆಯ ಮಾತು ಇನ್ನೂ ದೊಡ್ಡ ತಪ್ಪು. ನನ್ನನ್ನು ಕ್ಷಮಿಸಬೇಕು ಅಂತ ಹೇಳು. ಮರೀಬೇಡ."

ಮರೆಯಲಿಲ್ಲ. ಹೇಳಲೂ ಇಲ್ಲ.

ನನ್ನನ್ನು ಹಿಡಿದುಕೊಟ್ಟಿದ್ದರೆ ಬಹುಶಃ ಹೇಳುತ್ತಿದ್ದೆ. ಆದರೆ ಅವರು ನಮ್ಮನ್ನು ಉಳಿಸಿದ್ದರು — ಅದನ್ನು ನಾನು ಸಹಿಸಲಾರದೆ ಹೋದೆ. ಅವರು ದೊಡ್ಡವರಾಗಿಬಿಟ್ಟರು, ನಾನು... ಅದಕ್ಕೇ ಸೇಡು ಮುಗಿಯುವ ಬದಲು ಇನ್ನಷ್ಟು ಬಿಗಿಯಾಯಿತು.

ಅಮ್ಮ ಗಂಟಿನ ಬಗ್ಗೆ ನನ್ನನ್ನು ಒಮ್ಮೆ ಮಾತ್ರ ಕೇಳಿದಳು. ಕೇಳಿದಳು ಎನ್ನುವುದೂ ತಪ್ಪು. ಅನ್ನ ಬಡಿಸುತ್ತ, "ಬಲೆಯ ಆ ಗಂಟು ನಮಗೆ ಅನ್ನ ಕೊಟ್ಟದ್ದು ಮಗಾ" ಎಂದಳು, ಅಷ್ಟೇ. ಒಂದು ವರ್ಷ ಕಳೆದ ಮೇಲೆ, ಇದ್ದಕ್ಕಿದ್ದ ಹಾಗೆ, "ಟೀಚರ್ ಬಾಯಿ ಹೋಗುವಾಗ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ ಅಲ್ವಾ" ಎಂದಳು.

"ದೊಡ್ಡವರು. ಅವರಿಗೆಂತ ನಮ್ಮ ಹತ್ತಿರ ಮಾತು?" ಎಂದೆ.

ಅಮ್ಮ ತಲೆಯಾಡಿಸಿದಳು.

ಯುದ್ಧ ಮುಗಿದ ಮೇಲೆ ಒಂದು ದಿನ ಬಿಕರ್ನಕಟ್ಟೆಯ ರಸ್ತೆಯಲ್ಲಿ ಟೀಚರ್ ಬಾಯಿ ಎದುರಾದರು. ಅಲ್ಲಿ ಸಂಬಂಧಿಕರ ಮನೆಯಲ್ಲಿದ್ದರಂತೆ. ಕೊಡೆ ಊರಿಕೊಂಡು ನಡೆಯುತ್ತಿದ್ದರು, ಕಣ್ಣು ಮಂಜಾಗಿತ್ತು. ಸ್ವರದಿಂದಲೇ ಗುರುತು ಹಿಡಿದರು. ಅವರ ಮಗ ಯುದ್ಧದಿಂದ ಮರಳಿ ಬಂದನೇ ಎಂದು ನಾನು ಕೇಳಲಿಲ್ಲ. ಅವರು ಮಾತ್ರ ಬೇರೇನೂ ಕೇಳುವ ಮೊದಲೇ ಕೇಳಿದರು:

"ಅಮ್ಮನಿಗೆ ಹೇಳಿದೆಯಾ?"

"ಹೇಳಿದೆ."

"ಎಂತ ಹೇಳಿದಳು?"

ಇನ್ನೂ ಸಮಯವಿತ್ತು. ಅಮ್ಮ ಬದುಕಿದ್ದಳು, ಅಲ್ಲಿಂದ ನಮ್ಮ ಮನೆಗೆ ಒಂದು ಗಂಟೆಯ ನಡಿಗೆ. ಅವರನ್ನು ಕೈಹಿಡಿದು ಕರೆದುಕೊಂಡು ಹೋಗಬಹುದಿತ್ತು. ನಾನು ಆ ಮಂಜಾದ ಕಣ್ಣುಗಳನ್ನೇ ನೋಡುತ್ತ ಹೇಳಿದೆ:

"ಏನೂ ಹೇಳಲಿಲ್ಲ. ಮುಖ ತಿರುಗಿಸಿದಳು."

"ಹೌದು, ಅವಳು ಮಾಡಿದ್ದು ಸರಿ" ಎಂದರು. ಕೊಡೆ ಊರುತ್ತ ಹೋದರು. ನಾನು ಅವರ ಬೆನ್ನನ್ನೇ ನೋಡುತ್ತ ನಿಂತೆ. ಗೆದ್ದೆ ಎಂದುಕೊಂಡೆ. ಆ ಗೆಲುವನ್ನು ಅಂದಿನಿಂದ ಇಂದಿನವರೆಗೆ ಹೊತ್ತುಕೊಂಡಿದ್ದೇನೆ.

ಅಮ್ಮ ಒಂದು ಮಾತಿಗಾಗಿ ಕಾದು ಸತ್ತಳು. ಟೀಚರ್ ಬಾಯಿ ಒಂದು ಕ್ಷಮೆಗಾಗಿ ಕಾದು ಸತ್ತರು. ಎರಡೂ ನನ್ನ ಕೈಯಲ್ಲಿದ್ದವು. ಎರಡನ್ನೂ ನಾನು ಕೊಡಲಿಲ್ಲ. ಇದಕ್ಕೆ ಕಾರಣ ಹುಡುಕಿ ಬರೆಯಲಾರೆ. ಹುಡುಕಿದರೆ ಸಿಕ್ಕೀತು, ಸಿಗುವುದು ಬೇಡ.

ಟೀಚರ್ ಬಾಯಿಯ ಆ ಜೊತೆ ಕಾಲುಚೀಲಕ್ಕೆ ಸಿಕ್ಕಿಸಿದ್ದ ಚೀಟಿ ಅಂದು ಬಿಚ್ಚಿದ ನೂಲಿನ ಜೊತೆ ನೆಲಕ್ಕೆ ಬಿದ್ದು ಕಸಕ್ಕೆ ಹೋಯಿತು. ಅದರ ಮೇಲಿದ್ದ ಹೆಸರನ್ನು ಆಮೇಲೆ ನಾನು ಬಾಯಿಬಿಟ್ಟು ಹೇಳಿಲ್ಲ, ಬರೆದೂ ಇಲ್ಲ. ನೆಲದಿಂದ ಎತ್ತಿಕೊಳ್ಳಬೇಕಿದ್ದ ಆ ಚೀಟಿಯನ್ನು ಇವತ್ತು ಮತ್ತೆ ಬರೆಯುತ್ತಿದ್ದೇನೆ — ಅಕ್ಷರ ಈಗ ದುಂಡಗಿಲ್ಲ:

ಹೆಣೆದವರು, ಸೆರಫಿನಾ ಬಾಯಿ.