ಉತ್ತರ ಕೊಡದ ಹೆಸರು

ಪಾದ್ರಿಯವರ ಎದುರು ಮೊಣಕಾಲೂರಿ ಕೂತಾಗಲೂ ಇದನ್ನು ಅರ್ಧವೇ ಹೇಳಿದ್ದೇನೆ. ಇವತ್ತು ಪೂರ್ತಿ ಹೇಳುತ್ತೇನೆ. ಕತೆ ಕಟ್ಟುವಷ್ಟು ಪುರುಸೊತ್ತು ನನಗಿಲ್ಲ, ಬೆಳಗಿನಿಂದ ಸಂಜೆವರೆಗೆ ರವಿಕೆ ಹೊಲಿಯುವ ಹೆಂಗಸು ನಾನು. ಹೆದರುಪುಕ್ಕಲಿಯೂ ಅಲ್ಲ. ಶಿಲುಬೆ ಮುಟ್ಟಿ ಆಣೆ ಹಾಕು ಎಂದರೆ ಈಗಲೇ ಹಾಕುತ್ತೇನೆ.

ಎರಡು ಸಾವಿರದ ಇಸವಿ ದಾಟಿದ ಹೊಸದು. ಕಾರವಾರದ ದಕ್ಷಿಣಕ್ಕೆ, ಕಡಲ ಬದಿಯಲ್ಲಿದ್ದ ನಮ್ಮ ಊರು ನೌಕಾನೆಲೆಗೆ ಹೋಯಿತು. ನಮಗೆ ತೋಡೂರಿನಲ್ಲಿ ಜಾಗ ಸಿಕ್ಕಿತು. ಅರ್ಧ ಮುಗಿದ ಮನೆ, ಕರೆಂಟಿಲ್ಲ, ಚಿಲಕ ಸರಿಯಾಗಿ ಕೂರುತ್ತಿರಲಿಲ್ಲ. ಊರು ಬಿಡುವ ವಾರವೇ ನನ್ನ ಅತ್ತೆಗೆ ಲಕ್ವಾ ಹೊಡೆದು ಮಾತು ನಿಂತಿತು. ಅವರನ್ನು ನಾವೆಲ್ಲ ಮಾಂಯ್ ಎನ್ನುತ್ತಿದ್ದೆವು, ಕೊಂಕಣಿಯಲ್ಲಿ ಅಮ್ಮ ಎಂದು. ಗಂಡ ಇನಾಸ್ ಬೇಲೆಕೇರಿಯಿಂದ ಮೀನಿನ ಬೋಟಿಗೆ ಹೋಗುತ್ತಿದ್ದರು.

ಪಾದ್ರಿಯವರು ಬಂದು ಆಶೀರ್ವಾದ ಮಾಡುವ ಮೊದಲು ಹೊಸ ಮನೆಯಲ್ಲಿ ಮಲಗಬಾರದು ಎಂದು ಮಾಂಯ್ ಯಾವಾಗಲೂ ಹೇಳುತ್ತಿದ್ದರು. ಆದರೆ ಮಲಗದೆ ಎಲ್ಲಿಗೆ ಹೋಗುವುದು? ಪಾದ್ರಿಯವರೇ ಸಮಾಧಾನ ಹೇಳಿದರು. "ಮನೆ ಬದಲಾದ್ರೆ ದೇವ್ರು ಬದಲಾಗೂದಿಲ್ಲ ರೋಜಿನ್. ಆಯ್ತವಾರ ನಾ ಬತ್ತೆ. ಅಲ್ಲಿ ತನಕ ಜಪಸರ ಮಾತ್ರ ತಪ್ಸಬೇಡ."

ಮೂರನೆಯ ರಾತ್ರಿ. ಸಂಜೆಗೆ ಬರಬೇಕಿದ್ದ ಇನಾಸ್ ಬಂದಿರಲಿಲ್ಲ. ನಮ್ಮಂತೆಯೇ ಊರು ಬಿಟ್ಟು ಬಂದ ಪಕ್ಕದ ಮನೆಯ ನಾಗಿ, ಖಾಲಿ ಮೀನಿನ ಬುಟ್ಟಿ ಹೊತ್ತುಕೊಂಡೇ ಬಾಗಿಲಿಗೆ ಬಂದಳು.

"ರೋಜಿನ್ ಬಾಯಿ, ನಿಮ್ಮನೆಯೋರು ಬಂದ್ರಾ? ಒಂದ್ ಬೋಟು ಇನ್ನೂ ದಡ ಮುಟ್ಲಿಲ್ಲ ಹೇಳ್ತಿದ್ರು..."

"ಬತ್ರು ಬಿಡೇ. ಗಾಳಿ ಜೋರದೆ, ತಡಾ ಆಗೂದೇ," ಎಂದೆ. ಬಾಯಲ್ಲಿ ಹಾಗೆ ಹೇಳಿದರೂ, ಅವಳು ಹೋದ ಮೇಲೂ ದಾರಿ ನೋಡುತ್ತ ಬಾಗಿಲಲ್ಲೇ ನಿಂತೆ.

ಚಿಮಣಿ ದೀಪ ಹಚ್ಚಿ, ಮಾಂಯ್ ಮಂಚದ ಪಕ್ಕ ಕೂತು ಜಪಸರ ಹಿಡಿದೆ. ಒಬ್ಬರು ಪ್ರಾರ್ಥನೆಯ ಮೊದಲರ್ಧ ಹೇಳುವುದು, ಉಳಿದವರು ಎರಡನೆಯ ಅರ್ಧದಲ್ಲಿ ಉತ್ತರ ಕೊಡುವುದು ನಮ್ಮ ಕ್ರಮ. ಆ ರಾತ್ರಿ ಎರಡೂ ನನ್ನ ಪಾಲಿಗೆ ಬಿದ್ದಿತ್ತು.

ಮೊದಲ ಹತ್ತು ಮಣಿ ಮುಗಿದಿರಬೇಕು. ಮೊದಲರ್ಧ ಹೇಳಿ ಉಸಿರು ಎಳೆದುಕೊಂಡೆ... ಉತ್ತರ ಬಂತು!

ಹೆಂಗಸಿನ ಸ್ವರ. ತಗ್ಗಿದ, ಸ್ಪಷ್ಟ ಕೊಂಕಣಿ, ನಮ್ಮ ಹಳೆಯ ಊರಿನ ರಾಗ. ಅಯ್ಯೋ ದೇವರೇ, ಮಾಂಯ್‌ಗೆ ಮಾತು ಬಂತು ಎಂದು ಖುಷಿಯಿಂದ ತಿರುಗಿದೆ.

ಮಾಂಯ್ ಗಾಢ ನಿದ್ದೆಯಲ್ಲಿದ್ದರು. ತುಟಿ ಮುಚ್ಚಿತ್ತು. ಉತ್ತರ ಇನ್ನೂ ನಡೆದೇ ಇತ್ತು... ಅಡುಗೆಮನೆಯ ಕತ್ತಲಿನಿಂದ.

ಮೇಣ ಕರಗುವ ವಾಸನೆ ಬಂತು, ಜೊತೆಗೆ ಒದ್ದೆ ಮಣ್ಣಿನದು. ಮನೆಯಲ್ಲಿ ಒಂದು ಮೇಣದಬತ್ತಿಯೂ ಇರಲಿಲ್ಲ. ಓಡಬೇಕಿತ್ತು, ಆದರೆ ಮಾಂಯ್‌ನ ಬಿಟ್ಟು ಹೇಗೆ ಓಡಲಿ? ಕೈಯಲ್ಲಿದ್ದ ಜಪಸರವನ್ನೇ ಗಟ್ಟಿಯಾಗಿ ಹಿಡಿದು ಮುಂದುವರಿಸಿದೆ. ಐವತ್ತು ಮಣಿ ಮುಗಿಯುವ ತನಕ ಆ ಸ್ವರ ಒಂದು ಶಬ್ದವೂ ತಪ್ಪಲಿಲ್ಲ.

ಕೊನೆಯಲ್ಲಿ ಮನೆಯ ಸತ್ತವರ ಹೆಸರು ಕರೆಯುವ ಪದ್ಧತಿ ನಮ್ಮಲ್ಲಿದೆ. ಒಂದೊಂದು ಹೆಸರಿಗೂ ಉಳಿದವರು ಒಂದು ಪ್ರಾರ್ಥನೆ ಹೇಳಿ ಉತ್ತರ ಕೊಡಬೇಕು. ಕರೆದ ಹೆಸರನ್ನು ಹಾಗೇ ಬಿಡಬಾರದು, ಈ ವಿಷಯದಲ್ಲಿ ಮಾಂಯ್ ಬಹಳ ಕಟ್ಟುನಿಟ್ಟು. ನಾನು ಬಾಯಿ ತೆರೆಯುವ ಮೊದಲೇ ಕತ್ತಲಿನ ಸ್ವರ ಹೆಸರು ಕರೆಯತೊಡಗಿತು.

"ಪಾಸ್ಕು." ನನ್ನ ಮಾವ. ಉತ್ತರ ಕೊಟ್ಟೆ.

"ಮರಿಯಾ." ಹುಟ್ಟಿ ಒಂದೇ ದಿನ ಬದುಕಿದ ನನ್ನ ಮಗಳು. ಅಳುತ್ತಲೇ ಉತ್ತರ ಕೊಟ್ಟೆ.

ಅಲ್ಲಿಗೆ ನಮ್ಮ ಮನೆಯ ಸತ್ತವರ ಹೆಸರು ಮುಗಿದಿತ್ತು. ಮತ್ತೆ...

"ಇನಾಸ್."

ನನ್ನ ಗಂಡ. ಮದುವೆಯಾಗಿ ಬಂದಾಗಿನಿಂದ ಹೆಸರು ಕೇಳಿದ ಕೂಡಲೇ ಉತ್ತರ ಕೊಟ್ಟು ರೂಢಿಯಾದ ನಾಲಿಗೆ, ತನ್ನಷ್ಟಕ್ಕೆ ಎದ್ದೇ ಬಿಟ್ಟಿತ್ತು! ಉತ್ತರ ಕೊಟ್ಟರೆ ಇವರು ಸತ್ತರೆಂದು ನಾನೇ ಒಪ್ಪಿದಂತೆ ಎಂದು ಹಲ್ಲು ಕಚ್ಚಿ ತಡೆದೆ. ನಾಲಿಗೆ ಕಚ್ಚಿಕೊಂಡು ರಕ್ತದ ರುಚಿ ಬಂತು.

"ಇನಾಸ್..." ಸಿಟ್ಟಿಲ್ಲ, ಅವಸರವಿಲ್ಲ. ಸೊಸೆ ಮರೆತಳೇನೋ ಎಂದು ಹಿರಿಯರು ಇನ್ನೊಮ್ಮೆ ಹೇಳಿದ ಹಾಗೆ.

"ಇಲ್ಲಾ!" ಎಂದು ಕಿರುಚಿದೆ. "ಸ್ವಾಮಿ ದೇವ್ರೇ, ನೀ ಊರು ತಕಂಡೆ, ಮನೆ ತಕಂಡೆ, ಮಾಂಯ್ ಮಾತು ತಕಂಡೆ. ನಾ ಒಂದ್ ಮಾತೂ ಆಡ್ಲಿಲ್ಲ. ಇವ್ರನ್ನ ನಿನ್ನ ಕೈಯಾಗೆ ಇಟ್ಟಿದ್ದೆ, ಅಲ್ಲೇ ಇರ್ಲಿ. ಇದು ಬದುಕಿದ್ದವ್ರ ಹೆಸ್ರು. ನಾ ಉತ್ತರ ಕೊಡೂದಿಲ್ಲ!"

ಮೂರನೆಯ ಸಲ ಕರೆದದ್ದು ನನ್ನ ಕಿವಿಯ ಹತ್ತಿರ. ಕತ್ತಿಗೆ ತಣ್ಣನೆಯ ಉಸಿರು ತಾಗಿತು. ಮಾಂಯ್ ಕಾಲು ಹಿಡಿದು ಕಣ್ಣು ಮುಚ್ಚಿ ಕೂತೆ. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ವಾಸನೆ ಹೋಗಿತ್ತು, ಹೊರಗೆ ಕಾಗೆ ಕೂಗುತ್ತಿತ್ತು.

ಬೆಳಗ್ಗೆ ಇನಾಸ್ ಬಂದರು. ಇಂಜಿನ್ ಕೆಟ್ಟು ಬೋಟು ರಾತ್ರಿಯೆಲ್ಲ ತೇಲುತ್ತಿತ್ತಂತೆ, ಇನ್ನೊಂದು ಬೋಟಿನವರು ಎಳೆದು ತಂದರಂತೆ. "ಎಂತಕ್ಕೆ ಹೀಂಗೆ ಕೂತಿದ್ಯೇ? ಚಾ ಮಾಡು," ಎಂದರು. ಅವರ ಎದೆಗೆ ಗುದ್ದಿ ಗುದ್ದಿ ಅತ್ತುಬಿಟ್ಟೆ.

ಆಯ್ತವಾರ ಪಾದ್ರಿಯವರು ಬಂದು ಮನೆಗೆ ಆಶೀರ್ವಾದ ಮಾಡಿದರು. ಆಮೇಲೆ ಏನೂ ಕೇಳಿಸಿಲ್ಲ. ಮಾಂಯ್ ಮಾತಾಡದೆಯೇ ತೀರಿಕೊಂಡರು. ಈಗ ಜಪಸರ ಹೇಳುವುದು ಇನಾಸ್, ಉತ್ತರ ಕೊಡುವುದು ನಾನು. ಆ ರಾತ್ರಿ ದೇವರು ನನ್ನ ಮಾತು ಕೇಳಿದ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕರೆದದ್ದು ಯಾರು, ಇವರ ಹೆಸರು ಅದಕ್ಕೆ ಯಾಕೆ ಬೇಕಿತ್ತು ಎಂದು ಇವತ್ತಿಗೂ ತಿಳಿದಿಲ್ಲ.

ಸತ್ತವರ ಹೆಸರು ಮುಗಿದ ಮೇಲೆ ಇನಾಸ್ ಜಪಸರಕ್ಕೆ ಮುತ್ತಿಡುತ್ತಾರೆ. ಆಗ ನನ್ನ ಕಿವಿ ಅಡುಗೆಮನೆಯ ಕತ್ತಲಿನತ್ತ ಹೋಗುತ್ತದೆ. ಮೂರು ಸಲ ಕರೆದ ಹೆಸರಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಇವರು ನನಗಿಂತ ಮೊದಲು ತೀರಿಹೋದರೆ ಆ ಉತ್ತರವನ್ನು ನಾನೇ ಕೊಡಬೇಕು. ಅದಕ್ಕೇ ದಿನಾ ರಾತ್ರಿ, ನನ್ನನ್ನೇ ಮೊದಲು ಕರೆದುಕೋ ಎಂದು ದೇವರನ್ನು ಬೇಡುತ್ತೇನೆ. ಇನಾಸ್‌ಗೆ ಇದನ್ನು ಹೇಳಿಲ್ಲ.